ಬಸ್ಸಿನಾಟ ಮತ್ತು ಬಾಗಿದ ಪೂಲು

ಸಾನಿಕಾ, ಓಂಕಾರ, ಇಬ್ಬರೂ ಜೊತೆಗೆ ಕೂತು ಇದನ್ನು ಓದಿ. ಒಬ್ಬರು ಓದುವಾಗ ಇನ್ನೊಬ್ಬರು ನಗಬಾರದು. ಮೊಮ್ಮಕ್ಕಳೇ, ನಿಮ್ಮ ಆಯಿ ಸತ್ತಿ ಊರಿನ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದವಳು, ಅಷ್ಟೇ. ಒತ್ತು, ದೀರ್ಘ ತಪ್ಪಿದ್ದರೆ ತಿದ್ದಿಕೊಳ್ಳಿ. ನನ್ನ ಎದುರಿಗೆ ಮಾತ್ರ ತಿದ್ದಬೇಡಿ, ನನಗೆ ನಾಚಿಕೆಯಾಗುತ್ತದೆ. ಇದನ್ನೆಲ್ಲ ಬಾಯಿಬಿಟ್ಟು ಹೇಳೋಣವೆಂದು ಎರಡು ಸಲ ನಿಮ್ಮ ಕೋಣೆಯ ಬಾಗಿಲವರೆಗೆ ಬಂದಿದ್ದೆ. ಎರಡು ಸಲವೂ "ಊಟಕ್ಕ ಬರ್ರಿ" ಎಂದಷ್ಟೇ ಹೇಳಿ ತಿರುಗಿ ಹೋದೆ. ಒಂದು ಸಲವಂತೂ ನೀವು ಉಂಡು ಅರ್ಧ ತಾಸು ಸಹ ಆಗಿರಲಿಲ್ಲ.

ಸಾನಿಕಾ, ಮೊನ್ನೆ ನೀನು ಅಡುಗೆಮನೆಯಲ್ಲಿ ನಿಮ್ಮ ಮಮ್ಮಿಯ ಹತ್ತಿರ ಅಳುತ್ತಿದ್ದದ್ದು ನನಗೆ ಕೇಳಿಸಿತು. "ಮೊಬೈಲ ನೋಡಿ ನೋಡೇ ಆಯಿ ಕಣ್ಣ ಹಾಳಾದೂ. ನಾ ಗೇಮ ಮಾಡಿ ಕೊಡಬಾರದಿತ್ತು" ಅಂದೆ. ಮರುದಿನ ನನ್ನ ಮೊಬೈಲ್ ತೆಗೆದು ನೋಡಿದರೆ ನೀವು ಮಾಡಿಕೊಟ್ಟ ಬಸ್ಸಿನಾಟವೇ ಇರಲಿಲ್ಲ. ನೀನೇ ಅಳಿಸಿದ್ದೀ ಎಂದು ಗೊತ್ತಾಯಿತು. ಆ ಆಟದ ಬಗ್ಗೆ, ನನ್ನ ಕಣ್ಣಿನ ಬಗ್ಗೆ ನಿಮಗೆ ಗೊತ್ತಿರುವುದು ಅರ್ಧ ಮಾತ್ರ. ಉಳಿದ ಅರ್ಧವನ್ನು ನಾನು ಸೆರಗಿನಲ್ಲಿ ಕಟ್ಟಿಕೊಂಡು ಕೂತಿದ್ದೇನೆ. ಇವತ್ತು ಬಿಚ್ಚುತ್ತೇನೆ.

ಇದಕ್ಕೆ ಧೈರ್ಯ ಬಂದದ್ದು ನಿಮ್ಮ ಮುತ್ಯಾನ, ನನ್ನ ಯಜಮಾನರ, ರೇಡಿಯೋದಿಂದ. ನಿನ್ನೆ ಟ್ರಂಕಿನಲ್ಲಿ ಹಳೇ ಇಳಕಲ್ ಸೀರೆ ಹುಡುಕುವಾಗ ಅದು ಕೈಗೆ ಸಿಕ್ಕಿತು. ಹಿಂದಿನ ಮುಚ್ಚಳವಿಲ್ಲ, ಸುತ್ತ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದಿದೆ. ಓಂಕಾರ ಅದನ್ನು ನೋಡಿ "ಆಯೀ, ಇದೇನ ಟಿಫಿನ್ ಡಬ್ಬೀ?" ಎಂದ. ಅಲ್ಲಪ್ಪಾ, ಅದು ನನ್ನ ಮೊದಲನೆಯ ಬಸ್ಸಿನಾಟ.

ನಿಮಗೆ ಗೊತ್ತಿದೆ, ನನಗೆ ಪೂಲು, ಹೊಳೆಯ ಮೇಲಿನ ಆ ಸೇತುವೆ, ದಾಟುವುದೆಂದರೆ ಜೀವ ಹೋದ ಹಾಗೆ. ನಾನು ಹೊಳೆಯ ದಂಡೆಯಲ್ಲಿ ಹುಟ್ಟಿದವಳು, ಹಾಗಾಗಿಯೇ ಭಯ. ಹೊಳೆ ನೋಡದವರು ಅದನ್ನು ತಾಯಿ ಎಂದು ಕೈಮುಗಿದು ಸುಮ್ಮನಾಗಬಹುದು. ನಾವು ಮಳೆಗಾಲದಲ್ಲಿ ಅಪ್ಪನ ಹೆಗಲ ಮೇಲೆ ಕೂತು ಕೃಷ್ಣೆ ಏನೇನು ಹೊತ್ತು ತರುತ್ತಾಳೆಂದು ನೋಡಿದವರು. ಬಣವೆ ಬರುತ್ತಿತ್ತು, ಅದರ ಮೇಲೆ ಹಾವು ಬರುತ್ತಿತ್ತು. ಒಮ್ಮೆ ಒಂದು ತೊಟ್ಟಿಲು ಬಂತು. ಅದು ಖಾಲಿಯಿತ್ತೋ ಇಲ್ಲವೋ ಎಂದು ಅಪ್ಪ ನನಗೆ ಕೊನೆಗೂ ಹೇಳಲಿಲ್ಲ.

ಮದುವೆಯಾಗಿ ಅಂಕಲಿಗೆ ಬಂದ ಮೇಲೆ ನಿಮ್ಮ ಮುತ್ಯಾ ನನ್ನ ಭಯ ನೋಡಿ ನಗಲಿಲ್ಲ. ಬಸ್ಸು ಪೂಲಿನ ಮೇಲೆ ಬರುವ ಹೊತ್ತಿಗೆ ರೇಡಿಯೋ ದನಿ ದೊಡ್ಡದು ಮಾಡುತ್ತಿದ್ದರು, ಚಕ್ರದ ಸಪ್ಪಳ ನನಗೆ ಕೇಳಿಸಬಾರದೆಂದು. ಕಂಡಕ್ಟರ್ "ಸಾವ್ಕಾರ್ರ, ಸಣ್ಣದ ಮಾಡ್ರಿ" ಎಂದರೆ, "ಅತ್ಲಾಗಿನ ದಂಡಿ ಮುಟ್ಟಲಿ, ಬಂದ ಮಾಡ್ತೀನ್ರಿ" ಎನ್ನುತ್ತಿದ್ದರು. ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದಿರುತ್ತಿದ್ದರು. ಒಂದು ಆಟವೂ ಇತ್ತು: ಪೂಲಿನ ಮೇಲೆ ಎದುರಿಗೆ ಬರುವ ಗಾಡಿ ಯಾವುದು, ಕಬ್ಬಿನ ಟ್ರ್ಯಾಕ್ಟರೋ, ಎತ್ತಿನ ಬಂಡಿಯೋ, ಬಸ್ಸೋ ಎಂದು ನಾನು ಕಣ್ಣು ಮುಚ್ಚಿಕೊಂಡೇ ಹೇಳಬೇಕು. ತಪ್ಪಿದರೆ ನಾನು ಅವರಿಗೆ ಎಲೆ-ಅಡಿಕೆ ಮಡಿಚಿ ಕೊಡಬೇಕು; ಸರಿಯಾದರೆ ಅವರು ನನಗೆ. ಕಣ್ಣು ಮುಚ್ಚಿ ರಸ್ತೆ ಓದುವುದನ್ನು ನಾನು ಕಲಿತದ್ದು ಹಾಗೆ. ಮುಂದೆ ಆ ವಿದ್ಯೆಯೇ ನನಗೆ ಮುಳುವಾಯಿತು.

ಮುತ್ಯಾ ಹೋದ ಮೇಲೆ ನಾನು ಹೊಳೆ ದಾಟಲಿಲ್ಲ. ಐನಾಪುರದಲ್ಲಿ ನನ್ನ ತಂಗಿ ಸುಶೀಲಾ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಾಗ ಸಹ ಎರಡು ತಿಂಗಳು ಏನೇನೋ ನೆಪ ಹೇಳಿದೆ. ಅವಳು ಫೋನಿನಲ್ಲಿ, "ಅಕ್ಕಾ, ನಾ ಸತ್ತ ಮ್ಯಾಲ ಬರತೀ ಏನ? ಆವಾಗೂ ಪೂಲ ಅಲ್ಲೇ ಇರತೈತಿ ನೋಡ" ಅಂದಳು. ಅವಳು ಯಾವಾಗಲೂ ಹಾಗೆಯೇ, ನಗಿಸುತ್ತಾ ಚುಚ್ಚುವವಳು.

ಆಗ ನೀವಿಬ್ಬರೂ ಕೂತು ನನಗೆ ಆಟ ಮಾಡಿಕೊಟ್ಟಿರಿ. ಸಾನಿಕಾ ಶಾಲೆಯಲ್ಲಿ ಕಲಿತದ್ದನ್ನೆಲ್ಲ ಅದರಲ್ಲಿ ಹಾಕಿದಳು. ಮೊಬೈಲಿನ ಗಾಜಿನ ಮೇಲೆ ಚೌಕಾಬಾರಾದಂಥ ಮನೆಗಳು, ಒಂದೊಂದು ಮನೆಯಲ್ಲಿ ಒಂದೊಂದು ಚಿತ್ರ: ಆಲದ ಮರ, ಸಕ್ಕರೆ ಕಾರ್ಖಾನೆಯ ಚಿಮಣಿ, ನೀರಿನ ಟಾಕಿ, ಪೂಲು, ಇಟ್ಟಿಗೆ ಭಟ್ಟಿ, ದ್ರಾಕ್ಷಿ ತೋಟ. ದಾರಿಯಲ್ಲಿ ಅದು ಕಂಡ ಕೂಡಲೇ ಒತ್ತಬೇಕು. ಮೊಬೈಲಿಗೆ ತಾನು ಎಲ್ಲಿದ್ದೇನೆಂದು ಗೊತ್ತಿರುತ್ತದಂತೆ. ಸರಿಯಾದ ಜಾಗದಲ್ಲಿ ಒತ್ತಿದರೆ ಕಿವಿಯೊಳಗೆ ಓಂಕಾರನ ದನಿ: "ಶಬ್ಬಾಸ ಆಯೀ!" ತಪ್ಪಿದರೆ: "ಊಂಹೂಂ, ಮಲಗೀ ಏನ?" ಈ ಎರಡನೆಯದನ್ನು ಹೇಳುವಾಗ ಅವನಿಗೆ ಬಹಳ ಖುಷಿಯಾಗಿತ್ತೆಂದು ದನಿಯಲ್ಲೇ ಗೊತ್ತಾಗುತ್ತಿತ್ತು.

ಎರಡು ವಾರಕ್ಕೊಮ್ಮೆ ಗುರುವಾರ ನಾನು ಬುತ್ತಿ ಕಟ್ಟಿಕೊಂಡು, ಕಿವಿಗೆ ಮೊಬೈಲಿನ ಬಳ್ಳಿ ಸಿಕ್ಕಿಸಿಕೊಂಡು ಐನಾಪುರಕ್ಕೆ ಹೋಗತೊಡಗಿದೆ. ಪ್ರತಿ ಸಲವೂ ಎಲ್ಲ ಮನೆ ತುಂಬಿಸಿಕೊಂಡು ಬಂದೆ. ನೀವು ಕುಣಿದಿರಿ. "ಆಯಿದು ಹದ್ದಿನ ಕಣ್ಣ" ಎಂದು ಓಂಕಾರ ಓಣಿಯಲ್ಲೆಲ್ಲ ಡಂಗುರ ಹೊಡೆದ.

ಮಕ್ಕಳೇ, ಅದೆಲ್ಲ ಸುಳ್ಳು. ನಾನು ಒಂದು ಸಲವೂ ಏನನ್ನೂ ನೋಡಲಿಲ್ಲ. ಹಾದಿಯ ಬದಿಯ ಸೀಟಿನಲ್ಲಿ ಸೆರಗು ಮುಖದ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ ಕೂತಿರುತ್ತಿದ್ದೆ. ಕಾರ್ಖಾನೆ ಬಂತೆಂದು ಮೂಗು ಹೇಳುತ್ತಿತ್ತು. ನೀರಿನ ಟಾಕಿಯ ಹತ್ತಿರ ಎರಡು ಉಬ್ಬು ಇವೆ, ಸೊಂಟ ಹೇಳುತ್ತಿತ್ತು. ಪೂಲಿನ ಜೋಡಣೆಗಳ ಮೇಲೆ ಚಕ್ರ ಟಕ್ ಟಕ್ ಎನ್ನುವುದು ಎದೆಗೇ ಕೇಳಿಸುತ್ತಿತ್ತು. ಗಾಜಿನ ಮೇಲೆ ಯಾವ ಮನೆ ಎಲ್ಲಿದೆಯೆಂದು ಮೊದಲೇ ಬೆರಳಿಗೆ ರೂಢಿ ಮಾಡಿಕೊಂಡಿದ್ದೆ, ಒತ್ತಿಬಿಡುತ್ತಿದ್ದೆ. ನಾನು ಎಲ್ಲಿದ್ದೇನೆಂದು ಮೊಬೈಲಿಗೆ ಗೊತ್ತಾಗುತ್ತಿತ್ತು. ಕಣ್ಣು ತೆರೆದಿದ್ದೇನೋ ಮುಚ್ಚಿದ್ದೇನೋ ಎಂಬುದು ಅದಕ್ಕೆ ಗೊತ್ತಾಗುತ್ತಿರಲಿಲ್ಲ.

ಇಷ್ಟಾದರೆ ಬರೀ ಆಟದ ಮೋಸ, ನೀವು ನಕ್ಕು ಬಿಡಬಹುದು. ಆದರೆ ಅದಕ್ಕೂ ಮೊದಲೇ ನನ್ನ ಕಣ್ಣಿನಲ್ಲಿ ಏನೋ ಆಗಿತ್ತು. ಅಕ್ಕಿ ಆರಿಸುವಾಗ ಮೊರದ ನಡುವೆ ಬೂದಿ ಚೆಲ್ಲಿದಂತೆ ಕಾಣುತ್ತಿತ್ತು. ಎದುರಿಗೆ ನಿಂತವರ ಕಿವಿ ಕಾಣುತ್ತಿತ್ತು, ಮೂಗು ಕಾಣುತ್ತಿರಲಿಲ್ಲ. ಎಡಗಣ್ಣಿಗೆ ಮಂಜು, ವಯಸ್ಸಾದ ಮೇಲೆ ಎಲ್ಲರಿಗೂ ಬರುವ ಪರೆ. ಬಲಗಣ್ಣಿನದು ಬೇರೆ ಏನೋ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಚಿಕ್ಕೋಡಿಯಲ್ಲಿ ಕಣ್ಣು ತಪಾಸಣೆ ಇದ್ದಾಗ ನಿಮ್ಮ ಪಪ್ಪಾ, "ಅವ್ವಾ, ಒಮ್ಮೆ ತೋರಿಸ್ಕೊಂಡ ಬರೂಣ ನಡಿ" ಎಂದ. ನಾನು ಬಾಯಿ ತೆರೆಯುವ ಮೊದಲೇ ಓಂಕಾರ, "ಪಪ್ಪಾ, ಆಯಿ ಪ್ರತಿ ಸಲ ಫುಲ್ ಮಾರ್ಕ್ಸ್ ತಗೋತಾಳ, ಕಣ್ಣಿಗಿ ಏನಾಗೈತಿ?" ಎಂದ. ನಿಮ್ಮ ಪಪ್ಪಾನಿಗೂ ಕಬ್ಬು ಕಡಿಯುವ ಗಡಿಬಿಡಿ. ಸರಿ ಬಿಡು ಎಂದ. ನಾನು ರೊಟ್ಟಿ ತಟ್ಟುತ್ತಿದ್ದೆ, ತಲೆ ಎತ್ತಲಿಲ್ಲ. ಅವತ್ತು ಬಾಯಿ ತೆರೆದಿದ್ದರೆ ನಾಲ್ಕು ತಿಂಗಳು ಉಳಿಯುತ್ತಿದ್ದವು.

ಯಾಕೆ ತೆರೆಯಲಿಲ್ಲ? ಹಗ್ಗದ ಭಯ.

ಸತ್ತಿಯಲ್ಲಿ ನಮ್ಮ ದೊಡ್ಡವ್ವನಿಗೆ ಎರಡೂ ಕಣ್ಣು ಹೋಗಿದ್ದವು. ಅವಳು ಮಲಗುವ ಹೊರಸಿನ ಕಾಲಿನಿಂದ ಬಚ್ಚಲವರೆಗೆ ಒಂದು ಹಗ್ಗ ಕಟ್ಟಿದ್ದರು. ಅದನ್ನು ಹಿಡಿದು ಹೋಗುವಳು, ಹಿಡಿದು ಬರುವಳು. ಅವಳ ಲೋಕ ಅಷ್ಟೇ ಉದ್ದ. ಒಂದು ಮಧ್ಯಾಹ್ನ ದೊಡ್ಡವರೆಲ್ಲ ಹೊಲಕ್ಕೆ ಹೋದಾಗ ನಾನು, ಸುಶೀಲಾ ಸೇರಿ ಹಗ್ಗದ ತುದಿ ಬಿಚ್ಚಿ ದನದ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದೆವು. ನಮಗದು ಆಟ. ದೊಡ್ಡವ್ವ ಎದ್ದಳು, ಹಗ್ಗ ಹಿಡಿದು ನಡೆದಳು, ಎರಡು ಎತ್ತುಗಳ ನಡುವೆ ಹೋಗಿ ನಿಂತಳು. ಒಂದು ಎತ್ತು ಉಸಿರು ಬಿಟ್ಟಿತು. ಅವಳು ಹಗ್ಗದ ತುದಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಮೆಲ್ಲಗೆ ಕೇಳಿದಳು: "ಯಾರರ ಅದೀರೇನ? ನಾ ಎಲ್ಲಿ ಬಂದೀನಿ?" ಬಾಗಿಲ ಸಂದಿಯಲ್ಲಿ ನಿಂತಿದ್ದ ನಾವು ಓ ಎನ್ನಲಿಲ್ಲ. ಮೊದಲು ನಗು ಬಂತು, ಆಮೇಲೆ ಹೆದರಿಕೆ. ಎತ್ತು ಏನೂ ಮಾಡಲಿಲ್ಲ. ದೊಡ್ಡವ್ವನೂ ಯಾರಿಗೂ ಹೇಳಲಿಲ್ಲ. ಆದರೆ ಆಮೇಲೆ ಪ್ರತಿ ಸಲ ಏಳುವ ಮೊದಲು ಹಗ್ಗವನ್ನು ಮೂರು ಸಲ ಎಳೆದು ನೋಡುತ್ತಿದ್ದಳು.

ಕಣ್ಣಿನ ವಿಷಯ ಹೇಳಿದರೆ ಮೊದಲು ಐನಾಪುರ ತಪ್ಪುತ್ತದೆ, ಆಮೇಲೆ ಹೊರಸು, ಆಮೇಲೆ ಹಗ್ಗ. ಹೀಗೆಂದು ನಾನು ಲೆಕ್ಕ ಹಾಕಿದ್ದೆ.

ನಿಮ್ಮ ಆಟವೇ ನನ್ನನ್ನು ಹಿಡಿದುಹಾಕಿತು. ಸಾನಿಕಾ ಎರಡನೆಯ ಲೆವೆಲ್ ಮಾಡಿದಳು. ಪೂಲಿನ ನಡುವೆ ಬಂದಾಗ ಕಿಟಕಿಯಿಂದ ಹೊಳೆಯ ಫೋಟೋ ತೆಗೆಯಬೇಕು, ಅದಕ್ಕೆ ಹತ್ತು ಶಬ್ಬಾಸ. ಹಾಗಾಗಿ ಆ ಗುರುವಾರ ನಾನು ಮೊದಲ ಸಲ ಕಿಟಕಿಯ ಬದಿಗೆ ಕೂತೆ. ಪಕ್ಕದಲ್ಲಿ ಕುರಿ ಮೇಯಿಸುವ ಒಬ್ಬ ಹೆಣ್ಣುಮಗಳು ಮಡಿಲಲ್ಲಿ ಆಡಿನ ಮರಿ ಇಟ್ಟುಕೊಂಡು ಕೂತಿದ್ದಳು. "ಮರಿಗೂ ಟಿಕೀಟ ತಗಸ್ಯಾನ ಯವ್ವಾ, ಆದ್ರ ಸೀಟ ಕೊಡವಲ್ಲ" ಎಂದು ಕಂಡಕ್ಟರನನ್ನು ತೋರಿಸಿ ನಕ್ಕಳು.

ಕಿಟಕಿಯ ಬದಿಗೆ ಕೂತವರಿಗೆ ಒಂದು ಕೆಲಸ ಇರುತ್ತದೆಂಬುದನ್ನು ನಾನು ಮರೆತೇಬಿಟ್ಟಿದ್ದೆ. ಪೂಲು ಬಂದ ಕೂಡಲೇ ಹಿಂದಿನಿಂದ, ಮುಂದಿನಿಂದ ಕೈಗಳು ಬಂದವು. "ಯವ್ವಾ, ನಂದೂ ಒಂದ ಒಗಿ." "ಆಯೀ, ನಮ್ಮ ಸಣ್ಣವಂದ ಹೆಸರ ಹೇಳಿ ಒಗೀರಿ." ಹೊಳೆಗೆ ಎಸೆಯುವ ಕಾಣಿಕೆಯ ನಾಣ್ಯ. ಕಾಣಿಕೆ ನೀರಿಗೆ ಮುಟ್ಟಬೇಕು, ಪೂಲಿನ ಮೇಲೆ ಬಿದ್ದರೆ ಹೊಳೆ ಒಲ್ಲೆ ಅಂದಂತೆ. ಇಷ್ಟು ವರ್ಷ ನಾನೂ ಹೀಗೆಯೇ ಬೇರೆಯವರ ಕೈಗೆ ಕೊಟ್ಟು ಕಣ್ಣು ಮುಚ್ಚಿದವಳು. ಈಗ ಒಂದು ಕೈಯಲ್ಲಿ ಬಸ್ಸಿನವರ ನಾಣ್ಯ, ಇನ್ನೊಂದರಲ್ಲಿ ಮೊಬೈಲ್. ಕಿವಿಯಲ್ಲಿ ಓಂಕಾರ: "ಆಯೀ, ಈಗ! ಈಗ ತಗಿ!" ಬೇರೆಯವರ ಮಕ್ಕಳ ಹೆಸರಿನ ಕಾಣಿಕೆಯನ್ನು ಕಣ್ಣು ಮುಚ್ಚಿ ಒಗೆಯಲು ಆಗಲಿಲ್ಲ. ಗುಂಡಿ ಒತ್ತಿದೆ, ಕಣ್ಣು ತೆರೆದೆ.

ಪೂಲಿನ ಬದಿಯ ಕಂಬಿ ಬಾಗಿತ್ತು. ಉದ್ದಕ್ಕೂ ನೆಟ್ಟಗೆ ಇರಬೇಕಾದ ಕಂಬಿ ನಡುವೆ ಹೊಳೆಯ ಕಡೆ ಜೋತುಬಿದ್ದಿತ್ತು, ಜೊತೆಗೆ ಪೂಲಿನ ಅಂಚೂ ಬಾಗಿತ್ತು. ಅದರಾಚೆ ನೀರಿನ ನಡುವೆ ಒಂದು ಕಪ್ಪು ತೂತು.

"ಪೂಲ ಬಾಗೇತಿ! ಗಾಡಿ ನಿಂದರಸ್ರೀ, ಪೂಲ ಬಾಗೇತೀ!"

ಆ ದನಿ ನನ್ನದೇ ಎಂದು ನನಗೆ ಆಮೇಲೆ ತಿಳಿಯಿತು. ಜೀವನದಲ್ಲಿ ಮೊದಲ ಸಲ ನಾನು ನಾಲ್ಕು ಮಂದಿಯ ನಡುವೆ ಅಷ್ಟು ಜೋರಾಗಿ ಮಾತಾಡಿದ್ದು. ಡ್ರೈವರ್ ಬ್ರೇಕ್ ಒತ್ತಿದ. ನಿಂತವರು ಕೂತವರ ಮೇಲೆ ಬಿದ್ದರು. ಒಬ್ಬಳು ಮಗುವನ್ನು ಎದೆಗೆ ಒತ್ತಿಕೊಂಡು ಚೀರಿದಳು. ಇಬ್ಬರು ಗಂಡಸರು ಬಾಗಿಲಿನಿಂದ ಜಿಗಿದೇಬಿಟ್ಟರು. ನನ್ನ ಕೈಯೊಳಗಿನ ನಾಣ್ಯಗಳೆಲ್ಲ ಪೂಲಿನ ಡಾಂಬರಿನ ಮೇಲೆ ಬಿದ್ದು ಉರುಳಿದವು, ಒಂದೂ ನೀರಿಗೆ ಮುಟ್ಟಲಿಲ್ಲ.

ಜಿಗಿದವರು ಕಂಬಿಯನ್ನು ಮುಟ್ಟಿ ನೋಡಿ ತಿರುಗಿ ಬಂದರು. ಡ್ರೈವರ್ ಹೊರಳಿ ಕೂತು, "ಯಾರದು ಆ ದನಿ? ಇಪ್ಪತ್ತ ವರ್ಷ ಆತು ಇದರ ಮ್ಯಾಲ ಗಾಡಿ ಹೊಡ್ಯಾಕತ್ತ, ನನಗ ಕಾಣಲಾರದ್ದು ಯಾರಿಗಿ ಕಂಡೈತಿ?" ಎಂದ.

"ಆಯಿ ಕನಸ ಕಂಡಾರ, ಬಿಡೂ ಮಾರಾಯಾ" ಎಂದ ಕಂಡಕ್ಟರ್. ಎಲ್ಲರೂ ನಕ್ಕರು. ನಗುವಿನ ನಡುವೆಯೇ ಹಿಂದಿನ ಸೀಟಿನ ತಾಯಿಯೊಬ್ಬಳು, "ನಮ್ಮ ಸಣ್ಣವನ ಹೆಸರಿಂದು ಹೊಳಿಗಿ ಮುಟ್ಟಲಿಲ್ಲಲ್ಲರಿ" ಎಂದದ್ದು ನನಗೆ ಕೇಳಿಸಿತು. ಈಗಲೂ ಕೇಳಿಸುತ್ತದೆ.

ಆಡಿನ ಮರಿ ಇಟ್ಟುಕೊಂಡಿದ್ದ ಹೆಣ್ಣುಮಗಳು ಮಾತ್ರ ನಗಲಿಲ್ಲ. ನನ್ನ ಮುಖ ನೋಡಿ, "ಯವ್ವಾ, ಪೂಲ ನೆಟ್ಟಗ ಐತಿ. ನಡುಗಬ್ಯಾಡ. ಮನಿಗಿ ಹೋಗಿ ಒಂದೊಂದ ಕಣ್ಣ ಮುಚ್ಚಿ ನೋಡ್ಕೋ" ಎಂದು ಮೆಲ್ಲಗೆ ಹೇಳಿದಳು. ಅವಳ ಕುರಿಗೆ ಕಣ್ಣು ಕೆಟ್ಟರೆ ಹಾಗೆಯೇ ನೋಡುತ್ತಾಳೋ ಏನೋ. ಮರಿ ನನ್ನ ಸೆರಗಿನ ಅಂಚು ಮೆಲ್ಲುತ್ತಿತ್ತು. ನಾನು ಬಿಡಿಸಿಕೊಳ್ಳಲಿಲ್ಲ, ಅದೊಂದು ಜೀವವಾದರೂ ನನ್ನನ್ನು ಹಿಡಿದುಕೊಂಡಿರಲಿ ಅನ್ನಿಸಿತು.

ಮುಂದಿನದು ನಿಮಗೆ ಗೊತ್ತು. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಓಂಕಾರ ಮೊಬೈಲ್ ಕಸಿದುಕೊಂಡು ಫೋಟೋ ತೆರೆದ. "ಆಯೀ, ಪೂಲ ಮುರದಿತ್ತಂತಲ್ಲ? ಇಲ್ಲಿ ನೋಡ, ಸ್ಕೇಲ್ ಹಚ್ಚಿದಂಗ ನೆಟ್ಟಗ ಐತಿ." ನಾನು ನೋಡಿದೆ. ಫೋಟೋದಲ್ಲೂ ಕಂಬಿ ಬಾಗಿತ್ತು.

ಆ ಗಳಿಗೆಯ ಹೆದರಿಕೆಯನ್ನು ಹೇಗೆ ಬರೆಯಲಿ? ಪೂಲು ಬಾಗಿದ್ದರೆ ಊರೆಲ್ಲ ಸೇರಿ ಹೆದರಬಹುದಿತ್ತು. ಇದು ನನ್ನೊಬ್ಬಳದು. "ಹೌದಪ್ಪಾ, ನೆಟ್ಟಗ ಐತಿ" ಎಂದು ಮತ್ತೊಂದು ಸುಳ್ಳು ಹೇಳಿದೆ. ಸಾನಿಕಾ, ನೀನು ನನ್ನ ಮುಖವನ್ನೇ ನೋಡುತ್ತಿದ್ದೆ. "ಆಯೀ, ಆ ಕಂಬಿ ಮ್ಯಾಲ ಬೆರಳ ಎಳಿ ನೋಡೂಣ" ಎಂದು ಕಣ್ಣು ತಪಾಸಣೆಯಲ್ಲಿ ಮಾಡುವ ಹಾಗೆ ನನ್ನ ಎಡಗಣ್ಣಿನ ಮೇಲೆ ನಿನ್ನ ಅಂಗೈ ಇಟ್ಟೆ. ಎಳೆದೆ. ಮೊಬೈಲಿನ ಗಾಜಿನ ಮೇಲೆ ಬೆರಳು ಹೋದಲ್ಲೆಲ್ಲ ಕೆಂಪು ಗೆರೆ ಮೂಡಿತು. ಎಷ್ಟು ಸೊಟ್ಟಗೆ ಮೂಡಿತೆಂದು ನನಗೆ ಕಾಣಲಿಲ್ಲ, ನೀನು ಅಂಗೈ ತೆಗೆಯುವುದನ್ನೇ ಮರೆತದ್ದರಿಂದ ತಿಳಿಯಿತು. "ಪಪ್ಪಾ, ಇಲ್ಲಿ ಬಾ" ಎಂದೆ, ಬಹಳ ಮೆಲ್ಲಗೆ. ದೊಡ್ಡವ್ವನ ದನಿಯ ಹಾಗೆ.

ಮಿರಜಿನ ಡಾಕ್ಟರು ಮರಾಠಿಯಲ್ಲಿ ಬೈದರು, ಕನ್ನಡದಲ್ಲಿ ಸಮಾಧಾನ ಮಾಡಿದರು. ಕಣ್ಣಿನ ಹಿಂದಿನ ಪರದೆಯಲ್ಲಿ ನೀರು ಇಳಿದಿದೆಯಂತೆ. ತಿಂಗಳಿಗೊಂದು ಸೂಜಿ, ಕಣ್ಣಿಗೇ. ಹೋದದ್ದು ಎಷ್ಟು ತಿರುಗಿ ಬರುತ್ತದೋ ಹೇಳಲಾಗದು, ಇದ್ದದ್ದನ್ನು ಉಳಿಸಿಕೊಳ್ಳಬೇಕು. "ಹೆಂಗ ಗೊತ್ತಾತು ಆಜೀ?" ಎಂದು ಕೇಳಿದರು. ನಿಮ್ಮ ಪಪ್ಪಾ, "ಮಕ್ಕಳ ಆಟದಾಗರಿ" ಎಂದ. ಡಾಕ್ಟರು, "ಆ ಮಕ್ಕಳಿಗಿ ಪೇಢೆ ಕೊಡಸ್ರಿ. ಇನ್ನೊಂದ ಎರಡ ತಿಂಗಳ ತಡ ಆಗಿದ್ರ ಇಷ್ಟೂ ಉಳೀತಿರಲಿಲ್ಲ" ಎಂದರು. ಪೇಢೆ ತಂದದ್ದು ನಿಮಗೆ ನೆನಪಿದೆ, ಯಾಕೆಂದು ನಿಮಗೆ ಯಾರೂ ಹೇಳಲಿಲ್ಲ. ನಾನೇ ಬೇಡವೆಂದಿದ್ದೆ. ಅದನ್ನು ಹೇಳಿದರೆ ಹಳೆಯ ಫುಲ್ ಮಾರ್ಕ್ಸಿನ ಮಾತು ಬರುತ್ತಿತ್ತು, ನನ್ನ ಮೋಸ ಹೊರಬೀಳುತ್ತಿತ್ತು. ಮೊಮ್ಮಕ್ಕಳ ಮುಂದೆ ಕಳ್ಳಿಯಾಗಲು ನಾಚಿಕೆ. ನನ್ನ ಆ ನಾಚಿಕೆಯಿಂದಾಗಿ ಸಾನಿಕಾ ಅಳಬೇಕಾಯಿತು. ಹಗ್ಗ ಬೇರೆ ಕಂಬಕ್ಕೆ ಕಟ್ಟಿ ಬಾಗಿಲ ಸಂದಿಯಲ್ಲಿ ನಿಂತಂತೆಯೇ ಇದೂ ಆಯಿತು, ಈ ವಯಸ್ಸಿನಲ್ಲಿ.

ಮಗಳೇ, ನಿನ್ನ ಆಟ ನನ್ನ ಕಣ್ಣನ್ನು ಕೆಡಿಸಲಿಲ್ಲ. ಕೆಟ್ಟದ್ದನ್ನು ನಾನು ಅದರ ಹಿಂದೆ ಮುಚ್ಚಿಟ್ಟೆ. ಕಡೆಗೆ ಅದನ್ನು ಹೊರಗೆ ಎಳೆದದ್ದೂ ನಿನ್ನ ಆಟವೇ.

ಬರುವ ಮಂಗಳವಾರ ಎರಡನೆಯ ಸೂಜಿ. ನಿಮ್ಮ ಪಪ್ಪಾ ಜೊತೆಗೆ ಬರುತ್ತಾನೆ, ಆದರೂ ಅದೇ ಪೂಲು, ಅದೇ ಟಕ್ ಟಕ್. ಈಗ ನನಗೆ ಎರಡು ಭಯ: ದಾಟುವವರೆಗೆ ಹೊಳೆಯದು, ದಾಟಿದ ಮೇಲೆ ಸೂಜಿಯದು. ಅದಕ್ಕೇ ಕೇಳುತ್ತೇನೆ, ಆಟವನ್ನು ತಿರುಗಿ ಹಾಕಿಕೊಡು. ಹಳೆಯ ಶಬ್ಬಾಸ ಎಲ್ಲವನ್ನೂ ಅಳಿಸು, ಅವು ನನ್ನವಲ್ಲ. ಸೊನ್ನೆಯಿಂದ ಶುರು ಮಾಡು. ನಾನು ಕಿಟಕಿಯ ಬದಿಗೆ ಕೂತು ಎಡಗಣ್ಣಿನಿಂದ ಎಷ್ಟು ಕಾಣುತ್ತದೋ ಅಷ್ಟಕ್ಕೇ ಒತ್ತುತ್ತೇನೆ. ಕಾಣದಿದ್ದರೆ ಬಿಡುತ್ತೇನೆ. ಓಂಕಾರ ಎಷ್ಟು ಸಲ ಬೇಕಾದರೂ ಊಂಹೂಂ ಅನ್ನಲಿ. ಯಾರಾದರೂ ಕಾಣಿಕೆ ಕೊಟ್ಟರೆ ಕೈ ಪೂರಾ ಹೊರಗೆ ಚಾಚಿ ಒಗೆಯುತ್ತೇನೆ. ಆ ಸಣ್ಣವನ ಹೆಸರಿನದೂ ಒಂದು ನನ್ನ ಮೇಲಿದೆ.

ಈ ಹಾಳೆಗಳನ್ನು ನೀಲಿ ಬಿಸ್ಕೀಟ್ ಡಬ್ಬಿಯಲ್ಲಿ, ಮುತ್ಯಾನ ರೇಡಿಯೋದ ಜೊತೆಗೆ ಇಡಿ. ಗೆದ್ದಲು ಮುಟ್ಟಬಾರದು, ಗುಜರಿಯವನಿಗೆ ಹೋಗಬಾರದು. ಮುಂದೆ ಯಾವತ್ತಾದರೂ ನನ್ನ ಬರವಣಿಗೆಯನ್ನು ನಾನೇ ಓದಲಾಗದ ದಿನ ಬಂದರೆ ನೀವು ನನ್ನ ಹೊರಸಿನ ಹತ್ತಿರ ಕೂತು ಓದಿ ಹೇಳಬೇಕು, ಇದ್ದದ್ದು ಇದ್ದ ಹಾಗೆ, ಒಂದು ಸಾಲನ್ನೂ ಬದಲಿಸದೆ. ಆವಾಗ ನನಗೆ ಹಿಡಿದು ನಡೆಯಲು ಇರುವುದು ಇಷ್ಟೇ. ಇದರ ತುದಿಯನ್ನು ಬೇರೆ ಕಡೆ ಕಟ್ಟಬೇಡಿ. ನಾನು "ಯಾರರ ಅದೀರೇನ?" ಎಂದು ಕೇಳಿದರೆ, ಓ ಅನ್ನಿ.